ಒಂಟಿ ಮುಳ್ಳಿನ ಪಾಠ

ಮೊಮ್ಮಗಳಿಗೆ ಸಮಯ ನೋಡುವುದನ್ನು ಕಲಿಸಲೆಂದು ರಟ್ಟಿನ ಗಡಿಯಾರ ಮಾಡಲು ಕುಳಿತಾಗ ನನ್ನ ಹಳೆಯ ತಪ್ಪೊಂದು ನೆನಪಾಯಿತು. ಎಂಟನೆಯ ತರಗತಿಯ ಹುಡುಗನೊಬ್ಬ 3 ಗಂಟೆ 55 ನಿಮಿಷವನ್ನು 4 ಗಂಟೆ 55 ನಿಮಿಷವೆಂದು ಓದಿದ್ದ. ನಾನು ನಕ್ಕೆ, ತರಗತಿಯೂ ನಕ್ಕಿತು. ಆದರೆ ಚಿಕ್ಕ ಮುಳ್ಳು ಆಗ ನಾಲ್ಕನ್ನು ಮುಟ್ಟುವಂತೆಯೇ ಇತ್ತು.

ಗಡಿಯಾರದ ಚರಿತ್ರೆಯಲ್ಲಿಯೇ ಈ ಪಾಠಕ್ಕೆ ಒಂದು ಕ್ರಮವಿದೆ. ಯುರೋಪಿನ ಆರಂಭದ ಯಾಂತ್ರಿಕ ಗಡಿಯಾರಗಳಿಗೆ ಸಾಮಾನ್ಯವಾಗಿ ಗಂಟೆಯ ಮುಳ್ಳೊಂದೇ ಇರುತ್ತಿತ್ತು. ದಿನಕ್ಕೆ ಸುಮಾರು ಕಾಲು ಗಂಟೆ ಹೆಚ್ಚುಕಡಿಮೆಯಾಗುತ್ತಿದ್ದ ಯಂತ್ರಕ್ಕೆ ನಿಮಿಷದ ಲೆಕ್ಕವೇಕೆ? 1656ರಲ್ಲಿ ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್ ಲೋಲಕದ ಗಡಿಯಾರವನ್ನು ರೂಪಿಸಿದ ಮೇಲೆ ನಿಖರತೆ ಹೆಚ್ಚಿತು. ನಿಮಿಷದ ಮುಳ್ಳು ಕ್ರಮೇಣ ರೂಢಿಗೆ ಬಂದಿತು.

ನಾವಾದರೋ ಮಕ್ಕಳ ಮುಂದೆ ಎರಡು ಮುಳ್ಳುಗಳನ್ನೂ ಒಮ್ಮೆಲೇ ಇಡುತ್ತೇವೆ. ರಟ್ಟಿನ ಗಡಿಯಾರದಲ್ಲಿ ಅವು ಬಿಡಿಬಿಡಿಯಾಗಿ ತಿರುಗುವುದರಿಂದ, ಮೂರೂವರೆ ತೋರಿಸುವಾಗಲೂ ಚಿಕ್ಕ ಮುಳ್ಳನ್ನು ಮೂರರ ಮೇಲೆಯೇ ನಿಲ್ಲಿಸಿಬಿಡುತ್ತೇವೆ. ನಿಜವಾದ ಗಡಿಯಾರದಲ್ಲಿ ಹಲ್ಲುಚಕ್ರಗಳು ಎರಡನ್ನೂ ಬೆಸೆದಿರುತ್ತವೆ: ದೊಡ್ಡದು 12 ಸುತ್ತು ಬಂದಾಗ ಚಿಕ್ಕದು 1 ಸುತ್ತು ಮುಗಿಸುತ್ತದೆ.

ಆದ್ದರಿಂದ ಈ ಸಲ ರಟ್ಟಿಗೆ ಮೊದಲು ಗಂಟೆಯ ಮುಳ್ಳನ್ನಷ್ಟೇ ಸಿಕ್ಕಿಸಿದೆ. "ಮೂರು ದಾಟಿದೆ, ನಾಲ್ಕಾಗಿಲ್ಲ ತಾತ" ಎಂದು ಮೊಮ್ಮಗಳು ಎರಡೇ ದಿನಗಳಲ್ಲಿ ಹೇಳತೊಡಗಿದಳು. ಅನಂತರ ಹಳೆಯ ಅಲಾರಂ ಗಡಿಯಾರದ ಹಿಂಬದಿಯ ಗುಂಡಿಯನ್ನು ಅವಳ ಕೈಯಿಂದಲೇ ತಿರುಗಿಸಿ, ಎರಡೂ ಮುಳ್ಳುಗಳು ಜೊತೆಯಾಗಿ ಸಾಗುವುದನ್ನು ತೋರಿಸಿದೆ.

ಅಂದಿನ ಆ ವಿದ್ಯಾರ್ಥಿ ಇದನ್ನು ಓದುತ್ತಿದ್ದರೆ ಒಂದು ಮಾತು: ನೀನು ಮುಳ್ಳನ್ನು ಸರಿಯಾಗಿಯೇ ನೋಡಿದ್ದೆ. ನಾನು ನಗಬಾರದಿತ್ತು, ಕ್ಷಮಿಸಪ್ಪ.