ಹೆಸರಾಧಾರಿತ ಜಾಲಗಳಲ್ಲಿ ಚಲನಶೀಲತೆ

ಕಂಪ್ಯೂಟರಿನ ವಿಳಾಸದ ಬದಲು ಬೇಕಾದ ಮಾಹಿತಿಯ ಹೆಸರನ್ನೇ ಹಿಡಿದು ದತ್ತಾಂಶ ತರಿಸುವ ಜಾಲಗಳಲ್ಲಿ, ಸಾಧನಗಳು ಸ್ಥಳ ಬದಲಿಸಿದಾಗ ಏಳುವ ಸಮಸ್ಯೆ. ಈ ಬಗೆಯ ವಿನ್ಯಾಸವೊಂದನ್ನು ವ್ಯಾನ್ ಜೇಕಬ್ಸನ್ ಮತ್ತು ಸಂಗಡಿಗರು 2009ರಲ್ಲಿ ಮಂಡಿಸಿದರು. ಇದೇ ಬಗೆಯ ‘ನೇಮ್ಡ್ ಡೇಟಾ ನೆಟ್‌ವರ್ಕಿಂಗ್’ ಯೋಜನೆ 2010ರಲ್ಲಿ ಅಮೆರಿಕದಲ್ಲಿ ಶುರುವಾಯಿತು.

ಮಾಹಿತಿ ಕೇಳುವ ಸಾಧನ ಚಲಿಸಿದರೆ ತೊಡಕು ಕಡಿಮೆ. ಕೋರಿಕೆ ಸಾಗಿದ ಜಾಡನ್ನು ರೂಟರ್‌ಗಳು ಗುರುತಿಟ್ಟುಕೊಂಡು ಅದರಲ್ಲೇ ಉತ್ತರ ಕಳಿಸುತ್ತವೆ. ಮೊಬೈಲ್ ಬೇರೆ ಟವರ್‌ಗೆ ಸೇರಿದರೆ ಕೋರಿಕೆಯನ್ನು ಮತ್ತೆ ಕಳಿಸಿದರಾಯಿತು. ಉತ್ತರದ ಪ್ರತಿ ದಾರಿಯ ರೂಟರ್‌ನಲ್ಲಿ ಉಳಿದಿದ್ದರೆ ಅಲ್ಲಿಂದಲೇ ಸಿಗುತ್ತದೆ.

ನಿಜವಾದ ಕಗ್ಗಂಟು ಮಾಹಿತಿ ಒದಗಿಸುವ ಸಾಧನ ಚಲಿಸಿದಾಗ. ಹೆಸರಿನಲ್ಲಿ ಸ್ಥಳದ ಸುಳಿವಿಲ್ಲವೆಂಬುದು ಈ ವಿನ್ಯಾಸದ ಹೆಗ್ಗಳಿಕೆಯೇನೋ ಹೌದು. ಆದರೆ ಆ ಹೆಸರಿನ ಮಾಹಿತಿ ಯಾವ ದಿಕ್ಕಿನಲ್ಲಿದೆಯೆಂದು ರೂಟರ್‌ಗಳ ಕೋಷ್ಟಕ ಹೇಳಲೇಬೇಕು. ಪ್ರತಿ ಚಲನೆಗೂ ಎಲ್ಲ ಕೋಷ್ಟಕಗಳನ್ನು ತಿದ್ದುವುದು ದೊಡ್ಡ ಜಾಲದಲ್ಲಿ ಆಗದ ಮಾತು. ಹಾಗಾಗಿ ಕೆಲವರು, ವಿಳಾಸಾಧಾರಿತ ಜಾಲದಲ್ಲಿ ಚಲಿಸುವ ಸಾಧನಗಳಿಗಾಗಿ ರೂಪಿಸಿದ ‘ಮೊಬೈಲ್ ಐಪಿ’ಯ ಹಳೆಯ ಉಪಾಯಕ್ಕೇ, ಅಂದರೆ ಸ್ಥಿರ ಮಧ್ಯವರ್ತಿಗೆ, ಮರಳಿದರು. ಆಗ ಕೋರಿಕೆಗಳು ಅದರ ಮೂಲಕವೇ ಸಾಗಬೇಕಾಗಿ ದಾರಿ ಸುತ್ತುಬಳಸಾಗುತ್ತದೆ. ‘ಕೈಟ್’ ವಿಧಾನದಲ್ಲಿ ಚಲಿಸುವ ಸಾಧನವೇ ಸ್ಥಿರ ನೆಲೆಯೊಂದಕ್ಕೆ ಕೋರಿಕೆ ಕಳಿಸಿ, ಆ ಕೋರಿಕೆ ಬಿಟ್ಟ ಜಾಡನ್ನೇ ತನ್ನೆಡೆಗಿನ ದಾರಿಯಾಗಿಸುತ್ತದೆ. ‘ಮ್ಯಾಪ್-ಮಿ’ ವಿಧಾನದಲ್ಲಿ ಸಾಧನ ತನ್ನ ಹಳೆಯ ನೆಲೆಯತ್ತ ಸಂದೇಶ ಕಳಿಸಿ, ನಡುವಿನ ರೂಟರ್‌ಗಳನ್ನಷ್ಟೇ ತಿದ್ದುತ್ತದೆ. ನೇರಪ್ರಸಾರ, ವಿಡಿಯೊ ಕರೆಗಳಲ್ಲಿ ಮಾಹಿತಿ ಆಗಿಂದಾಗ ಹುಟ್ಟುವುದರಿಂದ, ರೂಟರ್‌ಗಳಲ್ಲಿ ಉಳಿದ ಹಳೆಯ ಪ್ರತಿಗಳು ಈ ತೊಡಕಿಗೆ ಹೆಚ್ಚು ನೆರವಾಗುವುದಿಲ್ಲ. ಪೇಚು ಹೆಚ್ಚು ಕಾಣುವುದು ಅಲ್ಲೇ.