ಕೆಡ್ಡಸದಿಂದ ಪತ್ತನಾಜೆಯವರೆಗೆ: ನಮ್ಮ ಮನೆಯಂಗಳದ ಚರಿತ್ರೆ



ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಕೊಡಲೇಬೇಕೆಂದು ಉತ್ಸವ ಸಮಿತಿಯವರು ಒತ್ತಾಯಿಸಿದಾಗ ನನಗೆ ತುಸು ಅಳುಕೇ ಆಯಿತು. ನಾನು ಸಾಹಿತಿಯಲ್ಲ, ಇತಿಹಾಸದ ಪಂಡಿತನೂ ಅಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ತೀರ್ಥರೂಪರ ಜಿನಸಿನ ಅಂಗಡಿಯಲ್ಲಿ ಕುಳಿತವನು. ಕ್ಷೇತ್ರದ ಮೊಕ್ತೇಸರರಲ್ಲಿ ಒಬ್ಬನಾಗಿ ಸೇವೆ ಸಲ್ಲಿಸುವ ಭಾಗ್ಯ ಮಾತ್ರ ಶ್ರೀ ದೇವರ ದಯೆಯಿಂದ ದೊರೆತಿದೆ. ಕ್ಷೇತ್ರದ ಪುರಾಣ, ಸ್ಥಳ ಮಹಿಮೆಗಳನ್ನು ಬಲ್ಲವರು ಬರೆಯುತ್ತಾರೆ. ನಾನು ದೇವಸ್ಥಾನದ ಅಂಗಳದಿಂದ ಇಳಿದು ನಮ್ಮ ನಮ್ಮ ಮನೆಯ ಅಂಗಳಕ್ಕೆ ಹೋಗುತ್ತೇನೆ. ಅದಕ್ಕೂ ಒಂದು ಚರಿತ್ರೆ ಇದೆ, ಅದನ್ನು ಬರೆದಿಟ್ಟವರು ಕಡಿಮೆ.

ನಮ್ಮ ಕಾಸರಗೋಡಿನ ಕಡೆ ವಸಂತಕಾಲವೆಂದರೆ ಕೆಡ್ಡಸದಿಂದ ಪತ್ತನಾಜೆಯವರೆಗಿನ ಕಾಲ ಎನ್ನಬಹುದು. ಮಕರ ಮಾಸದ ಕೊನೆಯ ಮೂರು ದಿನ, ಅಂದರೆ ಫೆಬ್ರವರಿ ಎರಡನೆಯ ವಾರದ ಹೊತ್ತಿಗೆ, ಕೆಡ್ಡಸ. ಭೂಮಿತಾಯಿ ಋತುಮತಿಯಾಗುವಳೆಂಬ ನಂಬಿಕೆಯಿಂದ ಆ ದಿನಗಳಲ್ಲಿ ನೆಲವನ್ನು ಉಳುವುದಿಲ್ಲ, ಅಗೆಯುವುದಿಲ್ಲ, ಹಸಿರನ್ನು ಕಡಿಯುವುದಿಲ್ಲ. ಕೊನೆಯ ದಿನ ಅಂಗಳದಲ್ಲಿ ತುಳಸಿಕಟ್ಟೆಯ ಬಳಿ ಸಗಣಿ ಸಾರಿಸಿ ಎಣ್ಣೆ, ಸೀಗೆ, ಅರಸಿನ, ಕುಂಕುಮಗಳನ್ನಿಟ್ಟು ಹೆಂಗಸರು ಭೂಮಿಗೆ ಎಣ್ಣೆ ಬಿಡುತ್ತಾರೆ. ಅಕ್ಕಿ, ಹುರುಳಿಗಳನ್ನು ಹುರಿದು ಪುಡಿಮಾಡಿ ಬೆಲ್ಲ, ತೆಂಗಿನಕಾಯಿ ಬೆರೆಸಿ ಹಂಚುತ್ತಾರೆ. ಮುಂದೆ ವೃಷಭ ಮಾಸದ, ಅಂದರೆ ತುಳುವರ ಬೇಶ ತಿಂಗಳ, ಹತ್ತನೆಯ ದಿನ ಪತ್ತನಾಜೆ. ಅದು ಮೇ 24 ಅಥವಾ 25ಕ್ಕೆ ಬರುತ್ತದೆ. ಅಂದಿಗೆ ಜಾತ್ರೆ, ಕೋಲ, ಯಕ್ಷಗಾನದ ತಿರುಗಾಟ ಎಲ್ಲಕ್ಕೂ ತೆರೆ. ಮತ್ತೆ ಚೆಂಡೆಯ ಸದ್ದು ಕೇಳಬೇಕಾದರೆ ಮಳೆಗಾಲ ಕಳೆದು ದೀಪಾವಳಿ ಬರಬೇಕು.

ದೇವಸ್ಥಾನಕ್ಕೆ ಇದು ಉತ್ಸವದ ಲೆಕ್ಕವಾದರೆ ಮನೆವಾರ್ತೆಗೆ ಬಿಸಿಲಿನ ಲೆಕ್ಕ. ಜೂನ್ ಮೊದಲ ವಾರದ ಹೊತ್ತಿಗೆ ಮಳೆ ಹಿಡಿಯಿತೆಂದರೆ ಈ ನೆಲದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಆಟಿ ತಿಂಗಳಲ್ಲಿ ತರಕಾರಿ ಇಲ್ಲ, ಕೂಲಿ ಇಲ್ಲ, ಹೊಳೆ ದಾಟುವಂತಿಲ್ಲ. ಅಂಥ ದಿನಗಳಿಗೆ ಬೇಕಾದದ್ದೆಲ್ಲ ಈ ಮೂರು ತಿಂಗಳ ಬಿಸಿಲಿನಲ್ಲಿ ಅಂಗಳದಲ್ಲೇ ತಯಾರಾಗಬೇಕಿತ್ತು. ಆದುದರಿಂದ ಅಂಗಳವೆಂದರೆ ಬರಿಯ ಖಾಲಿ ಜಾಗವಲ್ಲ, ಅದು ಮನೆಯ ಎರಡನೆಯ ಅಡುಗೆಮನೆ.

ಅಂಗಳ ತಾನಾಗಿ ಆಗುತ್ತಿರಲಿಲ್ಲ. ಮಳೆ ಬಿಟ್ಟ ಮೇಲೆ ಹುಲ್ಲು, ಹಾವಸೆಗಳನ್ನು ಕೆರೆದು, ಮಣ್ಣು ಹಾಕಿ, ನೀರು ತಳಿದು, ಮರದ ಹಲಗೆಯಿಂದ ಬಡಿದು ಸಮ ಮಾಡಬೇಕು. ಬಳಿಕ ಸಗಣಿಗೆ ತೆಂಗಿನ ಗೆರಟೆಯ ಮಸಿ ಬೆರೆಸಿ ಸಾರಿಸಬೇಕು. ಅದರಲ್ಲಿ ಮೊದಲು ಭತ್ತ, ಆಮೇಲೆ ಅಡಿಕೆ, ಕೊನೆಗೆ ಹಪ್ಪಳ. ಬಿಸು ಹತ್ತಿರ ಬಂತೆಂದರೆ ಇನ್ನೊಮ್ಮೆ ಸಾರಣೆ. ತುಳಸಿಕಟ್ಟೆಗೆ, ಮೆಟ್ಟಿಲುಗಳ ಅಂಚಿಗೆ ಜೇಡಿಮಣ್ಣಿನ ಬಿಳಿ ಗೆರೆ, ಕಟ್ಟೆಯ ಮುಂದೆ ಅಕ್ಕಿ ಹಿಟ್ಟಿನ ರಂಗೋಲಿ, ಬಾಗಿಲಿಗೆ ಮಾವಿನೆಲೆ ಮತ್ತು ತೆಂಗಿನ ಸಿರಿಯ ತೋರಣ. ಇಷ್ಟೇ ನಮ್ಮ ಅಲಂಕಾರ. ಹೊಳೆಯಾಚೆ ನೀಲೇಶ್ವರದ ಕಡೆ ಮೀನ ಮಾಸದಲ್ಲಿ ಹುಬ್ಬಾ ನಕ್ಷತ್ರಕ್ಕೆ ಮುಗಿಯುವಂತೆ ಒಂಬತ್ತು ದಿನ ಮಲೆಯಾಳಿ ಹೆಣ್ಣುಮಕ್ಕಳು ಪೂರಂ ಆಚರಿಸಿ ಅಂಗಳದಲ್ಲಿ ಕಾಮದೇವನಿಗೆ ಹೂವಿಡುತ್ತಾರೆ. ಭಾಷೆ ಬೇರೆಯಾದರೂ ಅಂಗಳ ಒಂದೇ.

ಇನ್ನು ಬಿಸುವಿನ ವಿಚಾರ. “ನೀವು ಕನ್ನಡದವರು ಯುಗಾದಿ ಬಿಟ್ಟು ಕೇರಳದ ವಿಷು ಆಚರಿಸುವುದೇಕೆ?” ಎಂದು ಘಟ್ಟದ ಮೇಲಿನ ಬಂಧುಗಳು ಕೇಳುವುದುಂಟು. ಈ ಪ್ರಶ್ನೆಗೆ ಉತ್ತರ ರಾಜ್ಯದ ಗಡಿಯಲ್ಲಿಲ್ಲ, ಪಂಚಾಂಗದಲ್ಲಿದೆ. ಘಟ್ಟದ ಮೇಲೆ ಚಾಂದ್ರಮಾನ, ನಮ್ಮ ಕರಾವಳಿಯಲ್ಲಿ ಸೌರಮಾನ. ಸೂರ್ಯನು ಮೇಷ ರಾಶಿಗೆ ಬಂದ ಮೇಲಿನ ಸೂರ್ಯೋದಯಕ್ಕೆ ನಮಗೆ ಹೊಸ ವರ್ಷ. ಆದುದರಿಂದಲೇ ಅದು ಏಪ್ರಿಲ್ 14 ಅಥವಾ 15ಕ್ಕೆ ಬೀಳುತ್ತದೆ. ತುಳುವರಿಗೆ ಅದು ಪಗ್ಗು ತಿಂಗಳ ಮೊದಲ ದಿನ, ಮಲೆಯಾಳಿಗಳಿಗೆ ಮೇಡದ ಮೊದಲ ದಿನ. ಬಿಸು ಎಂಬ ಮಾತು ವಿಷುವ ಎಂಬುದರಿಂದ ಬಂದುದು. ಹಗಲು ರಾತ್ರಿ ಸಮವಾಗುವ ದಿನ ಎಂದು ಅರ್ಥ. ನಿಜಕ್ಕೂ ಹಗಲಿರುಳು ಸಮವಾಗುವುದು ಮಾರ್ಚ್ 20 ಅಥವಾ 21ಕ್ಕೆ. ಸುಮಾರು 1700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಅಯನ ಚಲನೆಯಿಂದ ಸುಮಾರು 72 ವರ್ಷಕ್ಕೊಂದು ದಿನದಂತೆ ಸರಿದು ಈಗ 24 ದಿನಗಳ ಅಂತರ ಬಿದ್ದಿದೆ. ಅಂದರೆ ನಮ್ಮ ಬಿಸು ಯಾವ ರಾಜ್ಯಕ್ಕಿಂತಲೂ ಹಳೆಯದು.

ರಾಜ್ಯಗಳೋ ನಮ್ಮ ಮೇಲೆ ಬಂದು ಹೋದವು. ಇಕ್ಕೇರಿಯ ಅರಸರು ಬೇಕಲದಲ್ಲಿ, ಚಂದ್ರಗಿರಿಯಲ್ಲಿ ಕೋಟೆ ಕಟ್ಟಿದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷರ ಕಂಪೆನಿ ಬಂತು. 1801ರಲ್ಲಿ ಈ ದಾರಿಯಾಗಿ ಬಂದ ಬುಕಾನನ್ ಎಂಬ ವೈದ್ಯನು ಚಂದ್ರಗಿರಿ ಹೊಳೆಯನ್ನು ತುಳುವ ಮತ್ತು ಮಲೆಯಾಳಗಳ ನಡುವಿನ ಗಡಿಯೆಂದು ಬರೆದಿಟ್ಟಿದ್ದಾನೆ. ಮದರಾಸಿನ ಅಧೀನದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಾವು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದೆವು. ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಕಡತದಲ್ಲೇ ಉಳಿಯಿತು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಇಷ್ಟೆಲ್ಲ ಆದರೂ ನನ್ನ ಅಂಗಡಿಯ ಗೋಡೆಯಲ್ಲಿ ಇಂದಿಗೂ ಎರಡು ಕ್ಯಾಲೆಂಡರ್ ತೂಗುತ್ತವೆ, ಒಂದು ಕನ್ನಡದ್ದು, ಒಂದು ಮಲೆಯಾಳದ್ದು. ಬಿಸುವಿನ ಕಾಲಕ್ಕೆ ಎರಡನ್ನೂ ನೋಡಿ ಗಿರಾಕಿಗಳು ಒಂದೇ ಸಾಮಾನು ಕಟ್ಟಿಸಿಕೊಂಡು ಹೋಗುತ್ತಾರೆ.

ಬಿಸು ಕಣಿಯನ್ನು ನೋಡಿದವರಿಗೆ ಗೊತ್ತು, ಅದರಲ್ಲಿ ಪೇಟೆಯಿಂದ ತರಬೇಕಾದದ್ದು ಬಹಳ ಇಲ್ಲ. ಹಿಂದಿನ ರಾತ್ರಿ ದೇವರ ಕೋಣೆಯಲ್ಲಿ ಬಾಳೆಯೆಲೆಯ ಮೇಲೆ ಅಕ್ಕಿ, ತೆಂಗಿನಕಾಯಿ, ಬಣ್ಣದ ಸೌತೆ, ಹಲಸು, ಮಾವು, ಗೇರುಹಣ್ಣು, ಕಕ್ಕೆ ಹೂ, ಕನ್ನಡಿ, ಒಂದು ಚೂರು ಚಿನ್ನ, ದೀಪ. ನಸುಕಿನಲ್ಲಿ ಅಮ್ಮ ಎಬ್ಬಿಸಿ ಕಣ್ಣು ಮುಚ್ಚಿಸಿ ಕರೆದೊಯ್ದು ತೋರಿಸುತ್ತಿದ್ದರು. ಕಣಿ ನೋಡಿ ಹಿರಿಯರ ಕಾಲಿಗೆರಗಿದರೆ ಕೈಗೊಂದು ನಾಣ್ಯ. ಮಧ್ಯಾಹ್ನಕ್ಕೆ ಎಳೆ ಗೇರುಬೀಜ ಹಾಕಿದ ತೊಂಡೆಕಾಯಿ ಪಲ್ಯ, ಪಾಯಸ. ಗದ್ದೆಯಿದ್ದವರು ಅಂದು ಒಂದು ಮೂಲೆಯಲ್ಲಿ ಉತ್ತು ಹಿಡಿ ಭತ್ತ ಬಿತ್ತುತ್ತಿದ್ದರು. ಕಣಿಯಲ್ಲಿಟ್ಟದ್ದು ಆ ಮನೆಯ ಆ ವರ್ಷದ ಲೆಕ್ಕ. ಇದ್ದುದನ್ನು ದೇವರೆದುರು ಇಟ್ಟು, ಇದು ನಮ್ಮಲ್ಲಿದೆ, ಮಳೆಗಾಲ ದಾಟಿಸು ಎಂದು ಬೇಡಿಕೊಳ್ಳುವುದು.

ಬಿಸು ಕಳೆದ ಮರುದಿನದಿಂದ ಹಪ್ಪಳದ ಗಡಿಬಿಡಿ. ಬಲಿತ ಹಲಸಿನಕಾಯಿಯ ಸೊಳೆ ಬಿಡಿಸಿ, ಅಟ್ಟಿನಳಗೆಯಲ್ಲಿ ಬೇಯಿಸಿ, ಉಪ್ಪು ಮೆಣಸು ಹಾಕಿ ಗುದ್ದಿ, ಉಂಡೆ ಮಾಡಿ ಬಾಳೆಯೆಲೆಯ ನಡುವೆ ಒತ್ತಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಇಂದು ನಮ್ಮ ಮನೆಯಲ್ಲಿ, ನಾಳೆ ಆಚೆ ಮನೆಯಲ್ಲಿ ಎಂದು ನೆರೆಯ ಹೆಂಗಸರು ಕೂಡುತ್ತಿದ್ದರು. ಚಾಪೆಯ ಮೇಲೆ ಹರಡಿ, ಸಂಜೆಗೆ ಎಬ್ಬಿಸಿ, ಮಗುಚಿ, ಮತ್ತೆರಡು ಬಿಸಿಲು ಕಾಣಿಸಿ, ಕಟ್ಟು ಕಟ್ಟಿ ಡಬ್ಬಿಗೆ ತುಂಬಬೇಕು. ಕಾಗೆ ಕಾಯುವುದು ಮಕ್ಕಳ ಪಾಲಿಗೆ. ಒಂದು ವರ್ಷ ನಾನು ಗೋಲಿಯಾಟಕ್ಕೆ ಓಡಿದ್ದಾಗ ಬೇಸಗೆಯ ಗುಡುಗು ಮಳೆ ಬಂದು ಎರಡು ಚಾಪೆ ಹಪ್ಪಳ ಮುದ್ದೆಯಾದವು. ಅಮ್ಮ ಬೈಯಲಿಲ್ಲ. ಆ ಆಟಿಯಲ್ಲಿ ಡಬ್ಬಿ ಬೇಗ ಬರಿದಾದಾಗ ನನ್ನ ಮುಖ ನೋಡಿದರು, ಅಷ್ಟೇ. ಬೈಗಳಿಗಿಂತ ಅದು ಹೆಚ್ಚು ನಾಟಿತು.

ಹಪ್ಪಳದೊಂದಿಗೆ ಉಳಿದವೂ ನಡೆಯುತ್ತಿದ್ದವು. ಭರಣಿಯಲ್ಲಿ ಸೊಳೆಯನ್ನು ಉಪ್ಪಿಗೆ ಹಾಕಿ ಮೇಲೆ ಕಲ್ಲು ಹೇರುವ ಉಪ್ಪುಸೊಳೆ, ಮಾವಿನ ಮಿಡಿ ಉಪ್ಪಿನಕಾಯಿ, ಮಾವಿನ ರಸವನ್ನು ದಿನದಿನವೂ ಪದರ ಪದರವಾಗಿ ಎರೆದು ಒಣಗಿಸಿದ ಮಾಂಬಳ, ಹಲಸಿನ ಬೇಳೆಯನ್ನು ಉಪ್ಪುನೀರಲ್ಲಿ ಬೇಯಿಸಿ ಒಣಗಿಸಿದ ಸಾಂತಾಣಿ, ಮಜ್ಜಿಗೆಯಲ್ಲಿ ನೆನೆಸಿದ ಬಾಳ್ಕ ಮೆಣಸು. ಹಸಿ ಬೇಳೆಯನ್ನು ಕೆಮ್ಮಣ್ಣು ಮೆತ್ತಿ ಮೂಲೆಯಲ್ಲಿ ರಾಶಿ ಹಾಕುತ್ತಿದ್ದರು. ಬಣ್ಣದ ಸೌತೆಯನ್ನು ಮಾಡಿನ ಪಕ್ಕಾಸಿಗೆ ಕಟ್ಟಿ ತೂಗುಬಿಡುತ್ತಿದ್ದರು. 1942ರಲ್ಲಿ ಬರ್ಮಾ ಜಪಾನಿನವರ ಪಾಲಾಗಿ ಅಲ್ಲಿಯ ಅಕ್ಕಿ ಬರುವುದು ನಿಂತು, ಬಳಿಕ ರೇಷನ್ ಬಂದ ಕಾಲದಲ್ಲಿ ಹಲಸೇ ಮನೆಯವರನ್ನು ಸಾಕಿತೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅದೇ ಹಲಸನ್ನು 2018ರ ಮಾರ್ಚ್ 21ರಂದು ಕೇರಳ ಸರಕಾರ ರಾಜ್ಯದ ಹಣ್ಣೆಂದು ಘೋಷಿಸಿತು. ಅಜ್ಜಿ ಅದನ್ನು ಬಹಳ ಹಿಂದೆಯೇ ಘೋಷಿಸಿದ್ದರು.

ಹಳೆಯದೆಲ್ಲ ಚೆನ್ನಾಗಿತ್ತೆಂದು ಹೇಳಿ ಮುಗಿಸಿದರೆ ಅದು ಚರಿತ್ರೆಯಾಗದು. ಬಿಸುವಿಗೆ ಒಕ್ಕಲುಗಳು ಧಣಿಯ ಮನೆಗೆ ಬುಳೆಕಾಣಿಕೆ ಹೊತ್ತು ತರಬೇಕಿತ್ತು. ಅಂಗಳವನ್ನು ಬಡಿದು ಸಮ ಮಾಡಿದ ಕೈಗಳಲ್ಲಿ ಹಲವಕ್ಕೆ, ಹಬ್ಬದ ದಿನ ಅದೇ ಅಂಗಳಕ್ಕೆ ಬರುವ ಹಕ್ಕಿರಲಿಲ್ಲ, ಅವರು ದಣಪೆಯಾಚೆ ನಿಲ್ಲಬೇಕಿತ್ತು. 1970ರ ಜನವರಿ 1ರಿಂದ ಭೂಸುಧಾರಣಾ ಕಾನೂನು ಜಾರಿಯಾಗಿ ಗೇಣಿ ಪದ್ಧತಿ ಕೊನೆಗೊಂಡ ಮೇಲೆ ಎಷ್ಟೋ ಮನೆಗಳು ತಮ್ಮದೇ ಅಂಗಳದಲ್ಲಿ ತಮ್ಮದೇ ಕಣಿ ಇಟ್ಟವು. ಹಾಗೆಯೇ ಹಪ್ಪಳದ ರುಚಿಯನ್ನು ಹೊಗಳುವ ನಾವು ಗಂಡಸರು ಬೆನ್ನು ಬಗ್ಗಿಸಿ ಒತ್ತಿದವರಲ್ಲ. ಬಿಸಿಲು, ಹೊಗೆ, ಹಲಸಿನ ಮೇಣ ಎಲ್ಲವೂ ತಾಯಂದಿರ ಪಾಲಿಗಿತ್ತು.

ಇನ್ನೊಂದು ತಪ್ಪೊಪ್ಪಿಗೆ ನನ್ನದೇ. ಒಂದು ಕಾಲಕ್ಕೆ ಬಿಸುವಿನ ಮುಂದಿನ ವಾರಗಳಲ್ಲಿ ನಮ್ಮ ಅಂಗಡಿಯಿಂದ ಕಲ್ಲುಪ್ಪು, ಒಣಮೆಣಸು ಗೋಣಿಗಟ್ಟಲೆ ಹೋಗುತ್ತಿತ್ತು. ಬಿಸ್ಕತ್ತಿನ ಖಾಲಿ ಡಬ್ಬಿಗೆ ಹಪ್ಪಳ ತುಂಬಲೆಂದು ಹೆಂಗಸರು ಮೊದಲೇ ಹೇಳಿಡುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ನಮ್ಮ ಊರಿಗೆ ಪ್ಯಾಕೆಟ್ ಹಪ್ಪಳವನ್ನು ಮೊದಲು ತಂದು ತೂಗಹಾಕಿದವನು ನಾನೇ. ಒಳ್ಳೆಯ ವ್ಯಾಪಾರವಾಯಿತು. ಉಪ್ಪಿನ ಗೋಣಿ ಇಳಿಯುವುದು ಕಡಿಮೆಯಾಯಿತು, ಡಬ್ಬಿ ಕೇಳುವವರು ಇಲ್ಲವಾದರು. ಅಂಗಳಗಳಿಗೆ ಸಿಮೆಂಟು, ಇಂಟರ್‌ಲಾಕ್ ಬಂತು. ಮಕ್ಕಳು ಬೆಂಗಳೂರು, ಗಲ್ಫ್ ಎಂದು ಹೋದರು. ಹಲಸಿನ ಕಾಯಿ ಮರದಲ್ಲೇ ಕೊಳೆತು ಬೀಳುವುದನ್ನು ಎಲ್ಲರೂ ನೋಡುತ್ತಿದ್ದೇವೆ. ನಮ್ಮ ಕ್ಷೇತ್ರದ ಅನ್ನಸಂತರ್ಪಣೆಗೂ ಈಗ ಹಪ್ಪಳ ಹೋಗುವುದು ನನ್ನ ಅಂಗಡಿಯಿಂದಲೇ. ಬಿಲ್ಲು ಬರೆಯುವಾಗ ಕೈ ಒಮ್ಮೆ ತಡೆಯುತ್ತದೆ.

ಅಮ್ಮ ತೀರಿಕೊಂಡ ಮೇಲಿನ ಮೊದಲ ಮಳೆಗಾಲದಲ್ಲಿ ಅಟ್ಟ ಹತ್ತಿದಾಗ ಒಂದು ಡಬ್ಬಿ ಸಿಕ್ಕಿತು. ಒಳಗೆ ಬಾಳೆನಾರಿನಿಂದ ಬಿಗಿದ ಹಪ್ಪಳದ ಮೂರು ಕಟ್ಟು. ಉಪ್ಪೆಷ್ಟು, ಸೊಳೆ ಎಷ್ಟು ಬಲಿತಿರಬೇಕು ಎಂದು ನಾವು ಯಾರೂ ಕೇಳಿಟ್ಟುಕೊಂಡಿರಲಿಲ್ಲ. ಆ ಕಟ್ಟುಗಳು ಮುಗಿದ ದಿನ ನಮ್ಮ ಮನೆಯ ಆ ವಿದ್ಯೆಯೂ ಮುಗಿಯಿತು.

ಹಾಗಾಗಿ ಭಕ್ತ ಬಾಂಧವರಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿ ಹಿರಿಯ ತಾಯಂದಿರು ಇರುವಾಗಲೇ ಅವರ ಪಕ್ಕದಲ್ಲಿ ಕುಳಿತು ಕೇಳಿ ಬರೆದಿಡಿ. ಬರುವ ಬಿಸು ಕಳೆದ ಮೇಲೆ ಒಂದು ಭಾನುವಾರ ಕ್ಷೇತ್ರದ ಅಂಗಳದಲ್ಲಿ ಎಲ್ಲರೂ ಸೇರಿ, ಗಂಡಸರೂ ಕೈಗೆ ಮೇಣ ಹಚ್ಚಿಕೊಂಡು, ಸಂತರ್ಪಣೆಯ ಹಪ್ಪಳವನ್ನು ನಾವೇ ಮಾಡೋಣ. ಕಾಯಿ ನಿಮ್ಮ ಮರದ್ದಾಗಲಿ, ಉಪ್ಪು ಮೆಣಸು ನನ್ನ ಅಂಗಡಿಯ ಸೇವೆ. ಆ ಅಂಗಳದಲ್ಲಿ ದಣಪೆಯಾಚೆ ಎಂಬುದು ಯಾರಿಗೂ ಇರಬಾರದು.

ಶ್ರೀ ದೇವರು ಸಕಾಲಕ್ಕೆ ಬಿಸಿಲನ್ನೂ ಮಳೆಯನ್ನೂ ಕರುಣಿಸಿ ಎಲ್ಲರ ಭರಣಿಗಳನ್ನು ತುಂಬಿರಿಸಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ.