ರಿಟರ್ನ್ ಟು ಓಝ್ (ಚಲನಚಿತ್ರ)

ರಿಟರ್ನ್ ಟು ಓಝ್ 1985ರಲ್ಲಿ ತೆರೆಕಂಡ ಇಂಗ್ಲಿಷ್ ಭಾಷೆಯ ಕಲ್ಪನಾಪ್ರಧಾನ ಚಲನಚಿತ್ರ. ವಾಲ್ಟ್ ಡಿಸ್ನಿ ಪಿಕ್ಚರ್ಸ್ ನಿರ್ಮಿಸಿದ ಈ ಚಿತ್ರವನ್ನು ವಾಲ್ಟರ್ ಮರ್ಚ್ ನಿರ್ದೇಶಿಸಿದರು. ಚಿತ್ರಕಥೆಯನ್ನು ಮರ್ಚ್ ಮತ್ತು ಗಿಲ್ ಡೆನಿಸ್ ಜೊತೆಯಾಗಿ ರಚಿಸಿದರು. ಅಮೆರಿಕದ ಲೇಖಕ ಎಲ್. ಫ್ರಾಂಕ್ ಬಾಮ್ ಬರೆದ ಓಝ್ ಮಾಲೆಯ ಎರಡನೆಯ ಮತ್ತು ಮೂರನೆಯ ಕಾದಂಬರಿಗಳಾದ ದಿ ಮಾರ್ವೆಲಸ್ ಲ್ಯಾಂಡ್ ಆಫ್ ಓಝ್ (1904) ಹಾಗೂ ಓಝ್ಮಾ ಆಫ್ ಓಝ್ (1907) ಇದಕ್ಕೆ ಆಧಾರ. ಡೊರೊಥಿಯ ಪಾತ್ರದಲ್ಲಿ ಫೈರೂಜಾ ಬಾಲ್ಕ್ ನಟಿಸಿದ್ದಾರೆ. ಇದು ಆಕೆಯ ಮೊದಲ ಚಲನಚಿತ್ರ.

1939ರ ಪ್ರಸಿದ್ಧ ಸಂಗೀತಮಯ ಚಿತ್ರ ದಿ ವಿಝರ್ಡ್ ಆಫ್ ಓಝ್‌ನ ಮುಂದುವರಿಕೆಯೆಂದು ಪ್ರೇಕ್ಷಕರು ಇದನ್ನು ಗ್ರಹಿಸಿದರೂ, ಆ ಚಿತ್ರವನ್ನು ತಯಾರಿಸಿದ ಎಂ.ಜಿ.ಎಂ. ಸಂಸ್ಥೆಯು ಇದರ ನಿರ್ಮಾಣದಲ್ಲಿ ಪಾಲ್ಗೊಂಡಿರಲಿಲ್ಲ. ಹಾಡು ಕುಣಿತಗಳಿಲ್ಲದ, ಭಯ ಮತ್ತು ಒಂಟಿತನಗಳ ಛಾಯೆಯುಳ್ಳ ಈ ಚಿತ್ರವು ಬಿಡುಗಡೆಯ ಕಾಲದಲ್ಲಿ ಗಲ್ಲಾಪೆಟ್ಟಿಗೆಯಲ್ಲಿ ಸೋಲು ಕಂಡಿತು. ನಂತರದ ದಶಕಗಳಲ್ಲಿ ಇದಕ್ಕೆ ನಿಷ್ಠಾವಂತ ಅಭಿಮಾನಿಗಳ ಬಳಗವೊಂದು ರೂಪುಗೊಂಡಿತು.

ಹಿನ್ನೆಲೆ

ಬಾಮ್ (1856–1919) ಓಝ್ ಎಂಬ ಕಾಲ್ಪನಿಕ ನಾಡಿನ ಕುರಿತು ಒಟ್ಟು 14 ಕಾದಂಬರಿಗಳನ್ನು ಬರೆದರು. ಅವುಗಳಲ್ಲಿ ಮೊದಲನೆಯದು 1900ರಲ್ಲಿ ಪ್ರಕಟವಾಯಿತು. ಕ್ಯಾನ್ಸಸ್ ಪ್ರಾಂತ್ಯದ ಬಡ ರೈತ ಕುಟುಂಬದಲ್ಲಿ ಬೆಳೆಯುತ್ತಿದ್ದ ಡೊರೊಥಿ ಎಂಬ ಬಾಲಕಿಯನ್ನು ಸುಂಟರಗಾಳಿಯೊಂದು ಓಝ್‌ಗೆ ಹೊತ್ತೊಯ್ಯುವುದು, ಅಲ್ಲಿ ಬೆದರುಬೊಂಬೆ, ತಗಡಿನ ಮನುಷ್ಯ ಮತ್ತು ಅಂಜುಬುರುಕ ಸಿಂಹಗಳ ಸ್ನೇಹ ಗಳಿಸಿ ಅವಳು ಮನೆಗೆ ಮರಳುವುದು ಅದರ ಕಥೆ.

ಈ ಕಥೆಯನ್ನು ಆಧರಿಸಿ 1939ರಲ್ಲಿ ಎಂ.ಜಿ.ಎಂ. ತಯಾರಿಸಿದ ಚಿತ್ರದಲ್ಲಿ ಜೂಡಿ ಗಾರ್ಲಂಡ್ ಡೊರೊಥಿಯಾಗಿ ನಟಿಸಿದರು. 1956ರಲ್ಲಿ ಅದು ಮೊದಲ ಬಾರಿಗೆ ಅಮೆರಿಕದ ದೂರದರ್ಶನದಲ್ಲಿ ಪ್ರಸಾರವಾಯಿತು. 1959ರಿಂದ ವರ್ಷಕ್ಕೊಮ್ಮೆ ಪ್ರಸಾರವಾಗತೊಡಗಿದ ಕಾರಣ ಅಲ್ಲಿನ ಹಲವು ತಲೆಮಾರುಗಳ ಬಾಲ್ಯಸ್ಮೃತಿಯಲ್ಲಿ ಅದು ನೆಲೆಗೊಂಡಿತು. ಮೂಲ ಕಾದಂಬರಿಗೂ ಆ ಚಿತ್ರಕ್ಕೂ ಮುಖ್ಯ ವ್ಯತ್ಯಾಸವೊಂದಿದೆ. ಕಾದಂಬರಿಯಲ್ಲಿ ಓಝ್ ನಿಜವಾದ ನಾಡು. ಚಿತ್ರದಲ್ಲಿ ಅದು ತಲೆಗೆ ಪೆಟ್ಟು ಬಿದ್ದು ಮಲಗಿದ್ದ ಹುಡುಗಿ ಕಂಡ ಕನಸು. ಕನಸಿನಲ್ಲಿ ಅವಳು ಭೇಟಿಯಾಗುವವರಲ್ಲಿ ಹಲವರು ಅವಳ ಊರಿನ ಪರಿಚಿತರ ಮುಖಗಳನ್ನೇ ಹೊತ್ತಿರುತ್ತಾರೆ. 1985ರ ಚಿತ್ರವು ಈ ಎರಡು ನಿಲುವುಗಳ ನಡುವಿನ ಪ್ರಶ್ನೆಯನ್ನೇ ತನ್ನ ಕಥೆಯ ಆರಂಭಬಿಂದುವಾಗಿ ಆರಿಸಿಕೊಂಡಿದೆ: ತಾನು ಕಂಡ ನಾಡು ನಿಜವೆಂದು ಮಗುವೊಂದು ಹೇಳಿದಾಗ ಹಿರಿಯರು ಏನು ಮಾಡುತ್ತಾರೆ?

ಕಥಾವಸ್ತು

ಕಥೆ ನಡೆಯುವುದು 1899ರಲ್ಲಿ. ಸುಂಟರಗಾಳಿ ಬೀಸಿ ಆರು ತಿಂಗಳು ಕಳೆದಿದ್ದರೂ ಮನೆಯ ಮರುನಿರ್ಮಾಣ ಮುಗಿದಿಲ್ಲ. ಡೊರೊಥಿಗೆ ರಾತ್ರಿ ನಿದ್ರೆ ಬರುವುದಿಲ್ಲ. ಓಝ್ ಮತ್ತು ಅಲ್ಲಿನ ಗೆಳೆಯರ ವಿಷಯವನ್ನು ಬಿಟ್ಟು ಬೇರೇನನ್ನೂ ಅವಳು ಮಾತನಾಡುವುದಿಲ್ಲ. ಬಿಲ್ಲೀನಾ ಎಂಬ ಕೋಳಿ ಮಣ್ಣಿನಲ್ಲಿ ಕೆದಕಿದ ಕೀಲಿಕೈಯೊಂದನ್ನು ಅವಳು ಓಝ್‌ನಿಂದ ಬಂದ ಸಂದೇಶವೆಂದು ನಂಬುತ್ತಾಳೆ. ಚಿಂತೆಗೊಳಗಾದ ಚಿಕ್ಕಮ್ಮ ಎಮ್, ವಿದ್ಯುತ್ ಚಿಕಿತ್ಸೆ ನೀಡುವ ಡಾಕ್ಟರ್ ವರ್ಲಿಯ ಚಿಕಿತ್ಸಾಲಯದಲ್ಲಿ ಅವಳನ್ನು ಬಿಟ್ಟು ಬರುತ್ತಾಳೆ. ಗುಡುಗು ಮಳೆಯ ರಾತ್ರಿ ಚಿಕಿತ್ಸೆ ಆರಂಭವಾಗುವ ಹೊತ್ತಿಗೆ ವಿದ್ಯುತ್ ಕಡಿತವಾಗುತ್ತದೆ. ಅಪರಿಚಿತ ಹುಡುಗಿಯೊಬ್ಬಳ ನೆರವಿನಿಂದ ತಪ್ಪಿಸಿಕೊಂಡ ಡೊರೊಥಿ, ಉಕ್ಕಿ ಹರಿಯುವ ನದಿಗೆ ಬಿದ್ದು, ಮರದ ಪೆಟ್ಟಿಗೆಯೊಂದನ್ನು ಹಿಡಿದು ತೇಲಿಹೋಗುತ್ತಾಳೆ.

ಬೆಳಗಾದಾಗ ಅವಳು ಓಝ್ ನಾಡಿನ ಅಂಚಿನ ಮರಳುಗಾಡಿನಲ್ಲಿರುತ್ತಾಳೆ. ಜೊತೆಗಿರುವ ಬಿಲ್ಲೀನಾಗೆ ಈಗ ಮಾತು ಬರುತ್ತದೆ. ಹಳದಿ ಇಟ್ಟಿಗೆಯ ದಾರಿ ಕಿತ್ತುಹೋಗಿದೆ. ಮರಕತ ನಗರಿ ಪಾಳುಬಿದ್ದಿದೆ. ನಿವಾಸಿಗಳೆಲ್ಲ ಕಲ್ಲಾಗಿದ್ದಾರೆ, ತಗಡಿನ ಮನುಷ್ಯ ಮತ್ತು ಸಿಂಹ ಕೂಡ ಅವರಲ್ಲಿದ್ದಾರೆ. ಕೈಕಾಲುಗಳ ಜಾಗದಲ್ಲಿ ಚಕ್ರಗಳಿರುವ ವೀಲರ್‌ಗಳು ಅವಳನ್ನು ಅಟ್ಟಿಸಿಕೊಂಡು ಬರುತ್ತಾರೆ. ಕೀಲಿ ಕೊಟ್ಟರೆ ನಡೆಯುವ, ಯೋಚಿಸುವ, ಮಾತನಾಡುವ ತಾಮ್ರದ ಯಂತ್ರಮಾನವ ಟಿಕ್-ಟಾಕ್ ಅವಳ ರಕ್ಷಣೆಗೆ ನಿಲ್ಲುತ್ತಾನೆ.

ಅರಮನೆಯಲ್ಲಿರುವ ರಾಜಕುಮಾರಿ ಮೊಂಬಿಯ ಬಳಿ ಕಪಾಟುಗಳಲ್ಲಿ ಸಾಲಾಗಿ ಇರಿಸಿದ ತಲೆಗಳಿವೆ. ಬೇಕೆನಿಸಿದಾಗ ಅವಳು ತಲೆ ಬದಲಿಸಿಕೊಳ್ಳುತ್ತಾಳೆ. ಡೊರೊಥಿಯ ತಲೆಯೂ ದೊಡ್ಡದಾದ ಮೇಲೆ ತನ್ನದಾಗಲಿ ಎಂದು ಅವಳನ್ನು ಸೆರೆಯಲ್ಲಿಡುತ್ತಾಳೆ. ಅಲ್ಲಿ ಡೊರೊಥಿಗೆ ಕುಂಬಳಕಾಯಿ ತಲೆಯ ಜ್ಯಾಕ್ ಸಿಗುತ್ತಾನೆ. ಅವನು ಅವಳನ್ನು ಅಮ್ಮ ಎಂದು ಕರೆಯಲು ಅನುಮತಿ ಕೇಳುತ್ತಾನೆ. ಮೊಂಬಿಯ ಕಪಾಟಿನಿಂದ ಕದ್ದ ಜೀವದ ಪುಡಿಯನ್ನು ಚಿಮುಕಿಸಿ, ಎರಡು ಸೋಫಾ, ತಾಳೆಗರಿ ಮತ್ತು ಗೋಡೆಗೆ ತೂಗುಹಾಕಿದ್ದ ಪ್ರಾಣಿಯ ತಲೆಯನ್ನು ಹಗ್ಗದಿಂದ ಬಿಗಿದು ಮಾಡಿದ ಗಂಪ್ ಎಂಬ ಹಾರುವ ಜೀವಿಯ ಮೇಲೇರಿ ಅವರು ಪಾರಾಗುತ್ತಾರೆ.

ಓಝ್‌ನ ದೊರೆಯಾಗಿದ್ದ ಬೆದರುಬೊಂಬೆಯನ್ನು ನೋಮ್ ರಾಜ ಅಲಂಕಾರದ ವಸ್ತುವನ್ನಾಗಿ ಮಾರ್ಪಡಿಸಿ ತನ್ನ ಪರ್ವತದಲ್ಲಿ ಬಚ್ಚಿಟ್ಟಿರುತ್ತಾನೆ. ನಗರಿಯ ಪಚ್ಚೆಗಳೆಲ್ಲ ತನ್ನ ನೆಲದಡಿಯಿಂದ ಕದ್ದವು ಎಂಬುದು ಅವನ ಆರೋಪ. ಬೆದರುಬೊಂಬೆಯನ್ನು ಗುರುತಿಸಲು ಪ್ರತಿಯೊಬ್ಬರಿಗೂ ಮೂರು ಅವಕಾಶ. ತಪ್ಪಿದವರು ತಾವೂ ಅಲಂಕಾರದ ವಸ್ತುಗಳಾಗುತ್ತಾರೆ, ಮತ್ತು ಹಾಗೆ ಒಬ್ಬೊಬ್ಬರು ಸೋತಂತೆ ಕಲ್ಲಿನ ರಾಜ ಹೆಚ್ಚು ಹೆಚ್ಚು ಮನುಷ್ಯರೂಪ ತಾಳುತ್ತಾನೆ. ಮಾಣಿಕ್ಯದ ಪಾದರಕ್ಷೆಗಳ ಶಕ್ತಿಯಿಂದ ಮನೆಗೆ ಕಳುಹಿಸುವುದಾಗಿ ಅವನು ಒಡ್ಡಿದ ಆಮಿಷವನ್ನು ಡೊರೊಥಿ ನಿರಾಕರಿಸಿ ಆಟಕ್ಕೆ ಇಳಿಯುತ್ತಾಳೆ. ಕೊನೆಯ ಅವಕಾಶದಲ್ಲಿ ಹಸಿರು ವಸ್ತುವೊಂದನ್ನು ಮುಟ್ಟಿ ಗೆಲ್ಲುತ್ತಾಳೆ. ಕೆರಳಿದ ರಾಜ ಅವರನ್ನು ನುಂಗಲು ಬಂದಾಗ ಜ್ಯಾಕ್‌ನ ತಲೆಯೊಳಗೆ ಬಿಲ್ಲೀನಾ ಇಟ್ಟ ಮೊಟ್ಟೆ ಅವನ ಬಾಯಿಗೆ ಬೀಳುತ್ತದೆ. ಮೊಟ್ಟೆ ನೋಮ್‌ಗಳಿಗೆ ವಿಷ, ರಾಜ ಪುಡಿಯಾಗುತ್ತಾನೆ. ಡೊರೊಥಿಯ ಕೋರಿಕೆಯಂತೆ ನಗರಿಗೆ ಜೀವ ಮರಳುತ್ತದೆ. ಚಿಕಿತ್ಸಾಲಯದಲ್ಲಿ ಅವಳಿಗೆ ನೆರವಾದ ಹುಡುಗಿಯೇ ಓಝ್‌ನ ನಿಜವಾದ ಅರಸಿ ಓಝ್ಮಾ ಎಂದು ತಿಳಿಯುತ್ತದೆ. ಕನ್ನಡಿಯೊಳಗೆ ಬಂಧಿಯಾಗಿದ್ದ ಅವಳನ್ನು ಡೊರೊಥಿ ಬಿಡಿಸುತ್ತಾಳೆ.

ಕ್ಯಾನ್ಸಸ್‌ಗೆ ಮರಳಿದ ಡೊರೊಥಿಗೆ ಚಿಕಿತ್ಸಾಲಯವು ಸಿಡಿಲಿಗೆ ಸುಟ್ಟುಹೋದದ್ದೂ, ಯಂತ್ರಗಳನ್ನು ಉಳಿಸಲು ಹೋದ ವೈದ್ಯ ಸತ್ತದ್ದೂ ತಿಳಿಯುತ್ತದೆ. ತನ್ನ ಕೋಣೆಯ ಕನ್ನಡಿಯಲ್ಲಿ ಓಝ್ಮಾ ಕಾಣಿಸಿಕೊಂಡಾಗ ಅವಳು ಚಿಕ್ಕಮ್ಮನನ್ನು ಕೂಗಿ ಕರೆಯುತ್ತಾಳೆ. ಓಝ್ಮಾ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರುವಂತೆ ಸೂಚಿಸುತ್ತಾಳೆ. ಡೊರೊಥಿ ಆ ಗುಟ್ಟನ್ನು ತನ್ನಲ್ಲೇ ಉಳಿಸಿಕೊಳ್ಳುತ್ತಾಳೆ.

ಪಾತ್ರವರ್ಗ

- ಫೈರೂಜಾ ಬಾಲ್ಕ್ – ಡೊರೊಥಿ ಗೇಲ್
- ನಿಕೋಲ್ ವಿಲಿಯಮ್ಸನ್ – ಡಾಕ್ಟರ್ ವರ್ಲಿ ಮತ್ತು ನೋಮ್ ರಾಜ
- ಜೀನ್ ಮಾರ್ಷ್ – ದಾದಿ ವಿಲ್ಸನ್ ಮತ್ತು ಮೊಂಬಿ
- ಪೈಪರ್ ಲಾರಿ – ಚಿಕ್ಕಮ್ಮ ಎಮ್
- ಮ್ಯಾಟ್ ಕ್ಲಾರ್ಕ್ – ಚಿಕ್ಕಪ್ಪ ಹೆನ್ರಿ
- ಎಮ್ಮಾ ರಿಡ್ಲಿ – ಓಝ್ಮಾ
- ಪಾನ್ಸ್ ಮಾರ್ – ವೀಲರ್‌ಗಳ ಮುಖಂಡ
- ದೀಪ್ ರಾಯ್ – ತಗಡಿನ ಮನುಷ್ಯ
- ಶಾನ್ ಬ್ಯಾರೆಟ್ – ಟಿಕ್-ಟಾಕ್ (ಧ್ವನಿ)
- ಡೆನಿಸ್ ಬ್ರೈಯರ್ – ಬಿಲ್ಲೀನಾ (ಧ್ವನಿ)
- ಬ್ರಯಾನ್ ಹೆನ್ಸನ್ – ಜ್ಯಾಕ್ (ಧ್ವನಿ)

ಮೂಲ ಕೃತಿಗಳೊಂದಿಗೆ ಹೋಲಿಕೆ

ಚಿತ್ರದ ಕರಾಳ ಅಂಶಗಳೆಂದು ಟೀಕೆಗೊಳಗಾದ ಅನೇಕ ಸಂಗತಿಗಳು ಬಾಮ್‌ರ ಕಾದಂಬರಿಗಳಲ್ಲೇ ಇವೆ. ವೀಲರ್‌ಗಳು, ಟಿಕ್-ಟಾಕ್, ನೋಮ್ ರಾಜ, ಅಲಂಕಾರ ವಸ್ತುಗಳ ಊಹೆಯಾಟ ಮತ್ತು ವಿಷವಾಗುವ ಮೊಟ್ಟೆ ಮೂರನೆಯ ಕಾದಂಬರಿಯಿಂದ ಬಂದವು. ಜ್ಯಾಕ್, ಗಂಪ್ ಮತ್ತು ಜೀವದ ಪುಡಿ ಎರಡನೆಯದರಿಂದ ಬಂದವು. ತಲೆ ಬದಲಿಸುವ ಮೊಂಬಿಯು ಎರಡು ಪಾತ್ರಗಳ ಸಂಯೋಜನೆ: ಎರಡನೆಯ ಕಾದಂಬರಿಯ ಮಾಟಗಾತಿ ಮೊಂಬಿ ಹಾಗೂ ಮೂರನೆಯ ಕಾದಂಬರಿಯಲ್ಲಿ 30 ತಲೆಗಳನ್ನು ಹೊಂದಿದ್ದ ರಾಜಕುಮಾರಿ ಲ್ಯಾಂಗ್ವಿಡೀರ್.

ಚಿಕಿತ್ಸಾಲಯದ ಪ್ರಸಂಗ ಮಾತ್ರ ಚಿತ್ರಕಥೆಗಾರರ ಸೃಷ್ಟಿ. ಕಾದಂಬರಿಯಲ್ಲಿ ಡೊರೊಥಿ ಚಿಕ್ಕಪ್ಪನೊಂದಿಗೆ ಆಸ್ಟ್ರೇಲಿಯಾಕ್ಕೆ ಹೊರಟ ಹಡಗಿನಿಂದ ಬಿರುಗಾಳಿಯಲ್ಲಿ ಸಮುದ್ರಕ್ಕೆ ಬಿದ್ದು, ಕೋಳಿಗೂಡಿನಲ್ಲಿ ತೇಲಿಹೋಗುತ್ತಾಳೆ. ಚಿತ್ರವು ಆ ಸಮುದ್ರಯಾನವನ್ನು ಕೈಬಿಟ್ಟು, 1939ರ ಚಿತ್ರದ ತಂತ್ರವೊಂದನ್ನು ಬಳಸಿಕೊಂಡಿದೆ: ಕ್ಯಾನ್ಸಸ್‌ನ ವ್ಯಕ್ತಿ, ವಸ್ತುಗಳಿಗೆ ಓಝ್‌ನಲ್ಲಿ ಪ್ರತಿರೂಪಗಳಿವೆ. ವೈದ್ಯ ನೋಮ್ ರಾಜನಾಗುತ್ತಾನೆ, ದಾದಿ ಮೊಂಬಿಯಾಗುತ್ತಾಳೆ. ಕಿರುಗುಟ್ಟುವ ಚಕ್ರದ ಮಂಚ ವೀಲರ್‌ಗಳನ್ನು ನೆನಪಿಸುತ್ತದೆ. ಹೀಗಾಗಿ ಓಝ್ ಕನಸೋ ನಿಜವೋ ಎಂಬುದಕ್ಕೆ ಎರಡೂ ಬಗೆಯ ಓದು ಸಾಧ್ಯವಾಗುತ್ತದೆ. ಆದರೂ ಕೊನೆಯ ಕನ್ನಡಿಯ ದೃಶ್ಯವು ಕಾದಂಬರಿಯ ನಿಲುವಿನ ಕಡೆಗೆ ವಾಲುತ್ತದೆ. ಮಾಣಿಕ್ಯದ ಪಾದರಕ್ಷೆಗಳೂ 1939ರ ಚಿತ್ರದಿಂದಲೇ ಬಂದವು. ಬಾಮ್‌ರ ಕಾದಂಬರಿಯಲ್ಲಿ ಅವು ಬೆಳ್ಳಿಯವು. ಅವುಗಳನ್ನು ಬಳಸಲು ಡಿಸ್ನಿ ಎಂ.ಜಿ.ಎಂ.ಗೆ ಶುಲ್ಕ ಪಾವತಿಸಬೇಕಾಯಿತು.

ನಿರ್ಮಾಣ

ಓಝ್ ಮಾಲೆಯ ಕಾದಂಬರಿಗಳ ಚಲನಚಿತ್ರ ಹಕ್ಕುಗಳನ್ನು ಡಿಸ್ನಿ ಸಂಸ್ಥೆ 1950ರ ದಶಕದಲ್ಲೇ ಪಡೆದಿತ್ತಾದರೂ ಅವುಗಳಿಂದ ಚಿತ್ರವೊಂದು ಹೊರಬರಲು ಸುಮಾರು ಮೂರು ದಶಕಗಳು ಹಿಡಿದವು. ಮರ್ಚ್ ಅದುವರೆಗೆ ಧ್ವನಿವಿನ್ಯಾಸಕಾರ ಮತ್ತು ಸಂಕಲನಕಾರರಾಗಿ ಹೆಸರಾಗಿದ್ದರು. ಅಪೋಕ್ಯಾಲಿಪ್ಸ್ ನೌ (1979) ಚಿತ್ರದ ಧ್ವನಿಗಾಗಿ ಆಸ್ಕರ್ ಪಡೆದಿದ್ದರು. ಬಾಲ್ಯದಿಂದಲೂ ಓಝ್ ಕಾದಂಬರಿಗಳನ್ನು ಮೆಚ್ಚಿದ್ದ ಅವರು ನಿರ್ದೇಶಿಸಿದ ಏಕೈಕ ಪೂರ್ಣಾವಧಿ ಚಲನಚಿತ್ರವಿದು. ಪಾಲ್ ಮಾಸ್ಲಾನ್ಸ್ಕಿ ನಿರ್ಮಾಪಕರಾಗಿದ್ದರು.

1984ರಲ್ಲಿ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೊದಲ್ಲಿ ಚಿತ್ರೀಕರಣ ನಡೆಯಿತು. ಕ್ಯಾನ್ಸಸ್‌ನ ಬಯಲಿನ ದೃಶ್ಯಗಳನ್ನು ಸಾಲ್ಸ್‌ಬರಿ ಬಯಲಿನಲ್ಲಿ ತೆಗೆಯಲಾಯಿತು. ಚಿತ್ರೀಕರಣದ ವೇಳೆಗೆ ಬಾಲ್ಕ್‌ಗೆ ಸುಮಾರು ಹತ್ತು ವರ್ಷ. ಹೆಚ್ಚುಕಡಿಮೆ ಎಲ್ಲ ದೃಶ್ಯಗಳಲ್ಲೂ ಅವಳಿದ್ದುದು, ಬಾಲನಟರ ದಿನದ ಕೆಲಸದ ಅವಧಿಗೆ ಕಾನೂನಿನ ಮಿತಿಯಿದ್ದುದು ಹಾಗೂ ಬೊಂಬೆಗಳ ಚಾಲನೆಯ ಸಂಕೀರ್ಣತೆಗಳಿಂದ ಕೆಲಸ ನಿಧಾನವಾಯಿತು. ಚಿತ್ರೀಕರಣ ವೇಳಾಪಟ್ಟಿಗಿಂತ ಹಿಂದೆ ಬಿದ್ದಾಗ ಸಂಸ್ಥೆಯು ಮರ್ಚ್‌ರನ್ನು ನಿರ್ದೇಶಕ ಸ್ಥಾನದಿಂದ ತೆಗೆದುಹಾಕಿತು. ಅವರ ಗೆಳೆಯ ಜಾರ್ಜ್ ಲ್ಯೂಕಾಸ್ ಮಧ್ಯಪ್ರವೇಶಿಸಿ, ಮತ್ತೆ ತೊಂದರೆ ಎದುರಾದರೆ ತಾವೇ ಹೊಣೆ ವಹಿಸಿಕೊಳ್ಳುವುದಾಗಿ ಭರವಸೆ ನೀಡಿದ ಮೇಲೆ ಮರ್ಚ್ ಕೆಲಸಕ್ಕೆ ಮರಳಿದರು.

ಚಿತ್ರದ ವಿಚಿತ್ರ ಜೀವಿಗಳನ್ನು ಬೊಂಬೆಯಾಟ, ಯಾಂತ್ರಿಕ ಚಾಲನೆ ಮತ್ತು ವೇಷಧಾರಿ ನಟರ ಸಂಯೋಜನೆಯಿಂದ ರೂಪಿಸಲಾಯಿತು. ಟಿಕ್-ಟಾಕ್‌ನ ದುಂಡನೆಯ ದೇಹದೊಳಗೆ ಅಂಗಸಾಧಕ ಮೈಕೆಲ್ ಸಂಡಿನ್ ಮೈಯನ್ನು ಮಡಿಸಿಕೊಂಡು ಹಿಮ್ಮುಖವಾಗಿ ನಡೆಯುತ್ತಿದ್ದರು. ಎದುರಿನ ದಾರಿ ಒಳಗಿದ್ದ ಪುಟ್ಟ ದೂರದರ್ಶನ ಪರದೆಯಲ್ಲಿ ಕಾಣುತ್ತಿತ್ತು. ಬಂಡೆಯ ಮೇಲ್ಮೈಯಲ್ಲಿ ಮುಖಗಳಾಗಿ ಮೂಡುವ ನೋಮ್‌ಗಳನ್ನು ವಿಲ್ ವಿಂಟನ್‌ರ ತಂಡ ಜೇಡಿಮಣ್ಣಿನ ಅನಿಮೇಷನ್ ವಿಧಾನದಲ್ಲಿ ರಚಿಸಿತು. ಈ ವಿಧಾನದಲ್ಲಿ ಮೆತ್ತನೆಯ ಆಕೃತಿಯನ್ನು ಪ್ರತಿ ಚೌಕಟ್ಟಿಗೂ ಸ್ವಲ್ಪ ಸ್ವಲ್ಪವೇ ಬದಲಿಸುತ್ತ ಚಿತ್ರೀಕರಿಸಲಾಗುತ್ತದೆ. ಕಲ್ಲು ಉಸಿರಾಡುವಂತೆ ತೋರಬೇಕಾದ ಈ ಕಥೆಗೆ ಅದು ಹೊಂದಿಕೆಯಾಯಿತು. ಛಾಯಾಗ್ರಹಣ ಡೇವಿಡ್ ವಾಟ್ಕಿನ್ ಅವರದು. ಡೇವಿಡ್ ಶೈರ್ ರಚಿಸಿದ ಹಿನ್ನೆಲೆ ಸಂಗೀತವನ್ನು ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿತು.

ಬಿಡುಗಡೆ ಮತ್ತು ಪ್ರತಿಕ್ರಿಯೆ

ಚಿತ್ರವು 1985ರ ಜೂನ್ 21ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ಸುಮಾರು 2.8 ಕೋಟಿ ಡಾಲರ್ ವೆಚ್ಚದ ಈ ಚಿತ್ರ ಉತ್ತರ ಅಮೆರಿಕದಲ್ಲಿ ಗಳಿಸಿದ್ದು ಸುಮಾರು 1.1 ಕೋಟಿ ಡಾಲರ್. ಚಿತ್ರಕ್ಕೆ ಒಪ್ಪಿಗೆ ದೊರೆತ ಕಾಲದ ಡಿಸ್ನಿ ಆಡಳಿತವು ಬಿಡುಗಡೆಯ ವೇಳೆಗೆ ಬದಲಾಗಿತ್ತು.

ಹಲವು ವಿಮರ್ಶಕರು ಚಿತ್ರವು ಮಕ್ಕಳಿಗೆ ತೀರ ಭಯಾನಕವೆಂದೂ, 1939ರ ಚಿತ್ರದ ಲವಲವಿಕೆ ಇದರಲ್ಲಿಲ್ಲವೆಂದೂ ಆಕ್ಷೇಪಿಸಿದರು. ಮಗುವನ್ನು ಮಂಚಕ್ಕೆ ಕಟ್ಟುವ ದೃಶ್ಯ, ತಲೆಯಿಲ್ಲದ ಮೊಂಬಿ ಅಟ್ಟಿಸಿಕೊಂಡು ಬರುವ ದೃಶ್ಯ ಮುಖ್ಯವಾಗಿ ಟೀಕೆಗೆ ಗುರಿಯಾದವು. ಬಾಲ್ಕ್ ಅವರ ಅಭಿನಯ ಮತ್ತು ದೃಶ್ಯಪರಿಣಾಮಗಳಿಗೆ ಮೆಚ್ಚುಗೆ ದೊರೆಯಿತು. ಅತ್ಯುತ್ತಮ ದೃಶ್ಯಪರಿಣಾಮಗಳಿಗಾಗಿ ಚಿತ್ರವು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು; ಪ್ರಶಸ್ತಿ ಕಕೂನ್ ಚಿತ್ರದ ಪಾಲಾಯಿತು.

ನಂತರದ ಪ್ರಭಾವ

ವಿಡಿಯೊ ಕ್ಯಾಸೆಟ್ ಮತ್ತು ದೂರದರ್ಶನದ ಮೂಲಕ ಚಿತ್ರವು ಹೊಸ ವೀಕ್ಷಕರನ್ನು ತಲುಪಿತು. 1980ರ ದಶಕದಲ್ಲಿ ಮಕ್ಕಳಾಗಿದ್ದ ಅನೇಕರು ಇದನ್ನು ತಮ್ಮನ್ನು ಹೆದರಿಸಿದ, ಆದರೂ ಮತ್ತೆ ಮತ್ತೆ ನೋಡಿದ ಚಿತ್ರವೆಂದು ನೆನೆಯುತ್ತಾರೆ. ಬಾಮ್‌ರ ಓದುಗರಲ್ಲಿ ಹಲವರು ಕಾದಂಬರಿಗಳ ಮನೋಧರ್ಮಕ್ಕೆ ಇದು 1939ರ ಚಿತ್ರಕ್ಕಿಂತ ಹತ್ತಿರವಾಗಿದೆ ಎಂದು ಅಭಿಪ್ರಾಯಪಡುತ್ತಾರೆ. ಮೊದಲ ಕಾದಂಬರಿಯ ತಗಡಿನ ಮನುಷ್ಯ ಮಾಟಕ್ಕೊಳಗಾದ ಕೊಡಲಿಯಿಂದ ತನ್ನ ಅಂಗಗಳನ್ನು ಒಂದೊಂದಾಗಿ ಕಳೆದುಕೊಂಡು ತಗಡಾದವನು ಎಂಬುದನ್ನು ನೆನೆದರೆ, ಓಝ್ ಕಥೆಗಳಲ್ಲಿ ಕ್ರೌರ್ಯ ಮತ್ತು ಹಾಸ್ಯ ಆರಂಭದಿಂದಲೂ ಜೊತೆಯಾಗಿದ್ದವು ಎಂಬುದು ಸ್ಪಷ್ಟವಾಗುತ್ತದೆ.

ಬಾಲ್ಕ್ ಮುಂದೆ ದಿ ಕ್ರಾಫ್ಟ್ (1996) ಚಿತ್ರದಿಂದ ಪ್ರಸಿದ್ಧರಾದರು. ಮರ್ಚ್ ದಿ ಇಂಗ್ಲಿಷ್ ಪೇಷಂಟ್ (1996) ಚಿತ್ರದ ಸಂಕಲನ ಮತ್ತು ಧ್ವನಿ ಎರಡಕ್ಕೂ ಆಸ್ಕರ್ ಪಡೆದರು. ಅಮೆರಿಕದ ಸಿಸರ್ ಸಿಸ್ಟರ್ಸ್ ಸಂಗೀತ ತಂಡವು 2004ರ ತನ್ನ ಮೊದಲ ಆಲ್ಬಮ್‌ನ ಹಾಡೊಂದಕ್ಕೆ ಈ ಚಿತ್ರದ ಹೆಸರನ್ನೇ ಇಟ್ಟಿದೆ. 2013ರಲ್ಲಿ ಡಿಸ್ನಿ ಸಂಸ್ಥೆಯು ಓಝ್ ದಿ ಗ್ರೇಟ್ ಅಂಡ್ ಪವರ್‌ಫುಲ್ ಎಂಬ ಚಿತ್ರದ ಮೂಲಕ ಮತ್ತೆ ಓಝ್ ಕಥೆಗಳತ್ತ ಹೊರಳಿತು. ಅದು ಡೊರೊಥಿಯ ಕಾಲಕ್ಕೂ ಹಿಂದಿನ ಕಥೆ.